ಡಿ ವಿಲಿಯರ್ಸನ ಊರು, ನಮ್ಮ ತಿಕೋಟಿ

ನಮ್ಮಣ್ಣನ ಮಗನಿಗೆ ಎಬಿಡಿ ಅಂದ್ರೆ ಪ್ರಾಣ. ಅವನು ಆಟ ಬಿಟ್ಟು (2021) ವರ್ಷಗಳಾದವು, ಆದರೂ ಇವನ ಕೋಣೆಯ ಗೋಡೆ ಮೇಲೆ ಇನ್ನೂ ಅದೇ ಫೋಟೊ. ಒಂದು ದಿನ ಕೇಳಿದ, "ಅತ್ತಿ, ಎ, ಬಿ, ಡಿ ಮೂರೂ ಇನಿಷಿಯಲ್ ಏನು? ಹಂಗಾರ ಅವನ ಊರು ಯಾವುದು, ಅಪ್ಪನ ಹೆಸರು ಯಾವುದು?"

ನಮ್ಮ ಕಡೆ ಹುಡುಗ ಕೇಳೋ ಪ್ರಶ್ನೆನೇ ಇದು :-) ಎ ಅಂದ್ರೆ ಅಬ್ರಹಾಂ, ಬಿ ಅಂದ್ರೆ ಬೆಂಜಮಿನ್. ಡಿ ಮಾತ್ರ ಇನಿಷಿಯಲ್ ಅಲ್ಲ. ಅದು ಅಡ್ಡಹೆಸರಿನ ಮೊದಲ ಅರ್ಧ. ಫ್ರೆಂಚ್ ಭಾಷೆಯಲ್ಲಿ "ದ" ಅಂದ್ರೆ "ಇಂಥ ಊರಿನ". ವಿಲಿಯೆ ಅನ್ನೋದು ಫ್ರಾನ್ಸಿನಲ್ಲಿ ಹತ್ತಾರು ಊರುಗಳಿಗೆ ಇರೋ ಹೆಸರು. ಹಳ್ಳಿ, ಹಟ್ಟಿ ಅನ್ನೋ ಅರ್ಥದ ಹಳೆಯ ಲ್ಯಾಟಿನ್ ಮಾತಿನಿಂದ ಬಂದದ್ದು. ಅಂದ್ರೆ ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಇಡೀ ಬೆಂಗಳೂರು ಎದ್ದು ನಿಂತು ಕೂಗುತ್ತಿದ್ದದ್ದು "ಹಳ್ಳಿಯವನೇ, ಹಳ್ಳಿಯವನೇ" ಅಂತ! ನಮ್ಮಲ್ಲಿ ಹಳ್ಳಿಕೇರಿ ಗುದ್ಲೆಪ್ಪನವರಿಲ್ಲವೇ, ಅದೇ ಜಾತಿಯ ಹೆಸರು.

ಹುಡುಗನಿಗೆ ಅಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಆ ತಿಂಗಳು ನಮ್ಮ ಮನೆಯಲ್ಲಿ ಅಡ್ಡಹೆಸರಿನದೇ ಒಂದು ದೊಡ್ಡ ಗದ್ದಲ ನಡೆದಿತ್ತು. ಅದಕ್ಕೇ ಡಿ ವಿಲಿಯರ್ಸ್ ಮನೆತನದ ಕತೆಯನ್ನು ಪೂರ್ತಿ ಓದಿದೆ. ಓದ್ತಾ ಓದ್ತಾ ಅದು ನಮ್ಮದೇ ಮನೆಯ ಕತೆ ಅನ್ನಿಸತೊಡಗಿತು.

ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿ 1685ರಲ್ಲಿ ಒಂದು ಆಜ್ಞೆ ಹೊರಡಿಸಿದ. ಅಲ್ಲಿಯವರೆಗೆ ಪ್ರಾಟೆಸ್ಟೆಂಟರಿಗೆ, ಅಂದ್ರೆ ಹ್ಯೂಗನೋ ಜನಕ್ಕೆ, ತಮ್ಮ ಧರ್ಮ ಪಾಲಿಸೋಕೆ ಇದ್ದ ಅನುಮತಿ ರದ್ದಾಯಿತು. ಮತ ಬಿಡಬೇಕು, ಇಲ್ಲಾ ಕದ್ದು ದೇಶ ಬಿಡಬೇಕು. ಲಕ್ಷಾಂತರ ಜನ ದೇಶ ಬಿಟ್ಟರು. ಅವರಲ್ಲಿ ಇನ್ನೂರರ ಆಸುಪಾಸು ಜನ ಡಚ್ ಕಂಪನಿಯ ಹಡಗು ಹತ್ತಿ ಆಫ್ರಿಕಾದ ತುದಿಗೆ, ಕೇಪಿಗೆ ಹೋದರು. 1689ರಲ್ಲಿ ಹಾಗೆ ಇಳಿದವರಲ್ಲಿ ಮೂವರು ಅಣ್ಣತಮ್ಮಂದಿರಿದ್ದರು. ಪಿಯೇರ್, ಅಬ್ರಹಾಂ, ಜಾಕ್. ಲಾ ರೋಶೆಲ್ ಕಡೆಯವರು. ದ್ರಾಕ್ಷಿ ಬೆಳೆಯೋದು ಗೊತ್ತಿದ್ದವರು. ಅಲ್ಲಿ ಅವರಿಗೆ ಜಮೀನು ಸಿಕ್ಕಿತು, ದ್ರಾಕ್ಷಿ ಹಚ್ಚಿದರು. ಆ ಕಣಿವೆಗೆ ಫ್ರಾನ್ಸ್‌ಹುಕ್ ಅಂತಲೇ ಹೆಸರಾಯಿತು. "ಫ್ರೆಂಚರ ಮೂಲೆ" ಅಂತ ಅರ್ಥ. ತೋಟಗಳಿಗೆ ಬಿಟ್ಟು ಬಂದ ದೇಶದ ಸೀಮೆಗಳ ಹೆಸರು ಇಟ್ಟುಕೊಂಡರು. ಬೂರ್ಗೋನ್, ಶಾಂಪೇನ್, ಲಾ ಬ್ರೀ.

ಆಮೇಲೆ ಏನಾಯಿತು? ಎರಡು ಮೂರು ತಲೆಮಾರಿನಲ್ಲಿ ಫ್ರೆಂಚ್ ಮಾತು ಹೋಯಿತು. ಕಂಪನಿಯವರು ಡಚ್ಚಿನಲ್ಲೇ ಶಾಲೆ, ಡಚ್ಚಿನಲ್ಲೇ ವ್ಯವಹಾರ ಅಂತ ಪಟ್ಟು ಹಿಡಿದಿದ್ದರು. ಮಕ್ಕಳು ಡಚ್ಚರಾದರು, ಮರಿಮಕ್ಕಳು ಆಫ್ರಿಕಾನ್ಸ್ ಮಾತಾಡಿದರು. ಹೆಸರಿನ ಉಚ್ಚಾರವೂ ಬದಲಾಯಿತು. ಆದರೆ ಹೆಸರು ಉಳಿಯಿತು. ವಿಲಿಯೆ ಅನ್ನೋ ಊರನ್ನು ಕಣ್ಣಿನಿಂದ ನೋಡದ ಸಾವಿರಾರು ಜನ ಇವತ್ತೂ "ವಿಲಿಯೆ ಊರಿನವರು" ಅಂತ ಹೇಳಿಕೊಂಡು ಓಡಾಡುತ್ತಿದ್ದಾರೆ.

ಮೂವರು ಅಣ್ಣತಮ್ಮಂದಿರು, ಬಿಟ್ಟ ಊರು, ಹೋದ ಮಾತು, ಉಳಿದ ಹೆಸರು. ಮತ್ತೆ ದ್ರಾಕ್ಷಿ. ಇನ್ನು ನಮ್ಮ ಕತೆಗೆ ಬರ್ತೀನಿ.

ಬೆಂಗಳೂರು, ಮೈಸೂರು ಕಡೆಯ ಗೆಳೆಯರಿಗೆ ಒಂದು ಮಾತು ಹೇಳಬೇಕು. ನಮ್ಮ ವಿಜಯಪುರದ ಕಡೆ ಹೊಸಬರು ಸಿಕ್ಕರೆ ಮೊದಲ ಪ್ರಶ್ನೆ "ಅಡ್ಡೆಸರ ಏನ್ರಿ?" ಹೇಳಿದ ಕೂಡಲೇ ಎರಡನೇ ಪ್ರಶ್ನೆ, "ಅಂದ್ರ ಮೂಲ ಅಲ್ಲಿಯವರೇನ್ರಿ?" ಯಾಕಂದ್ರೆ ಅರ್ಧಕ್ಕರ್ಧ ಅಡ್ಡಹೆಸರು ಊರಿನ ಹೆಸರೇ. ನಮ್ಮ ಓಣಿಯಲ್ಲೇ ತೊರವಿ, ಹೊನವಾಡ, ಬಿಜ್ಜರಗಿ, ಕಾಖಂಡಕಿ, ಬಬಲೇಶ್ವರ, ಅಥಣಿ ಎಲ್ಲರೂ ಇದ್ದರು. ಬೆಳಿಗ್ಗೆ ಹಾಲಿನವ ಬಂದು ಒಂದೊಂದು ಮನೆ ಮುಂದೆ ಕೂಗಿದರೆ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರು ಅನೌನ್ಸ್ ಮಾಡಿದ ಹಾಗೆ ಕೇಳೋದು!

ಇದರಲ್ಲಿ ಒಂದು ಸೂಕ್ಷ್ಮ ಇದೆ. ಅಥಣಿಯಲ್ಲಿ ಅಥಣಿ ಅನ್ನೋ ಅಡ್ಡಹೆಸರಿನವರನ್ನು ಹುಡುಕಬೇಕಾಗುತ್ತೆ. ತಿಕೋಟಿಯಲ್ಲಿ ತಿಕೋಟಿಯವರು ಸಿಗೋದು ಅಪರೂಪ. ಊರೊಳಗೆ ಇರೋವಾಗ ಎಲ್ಲರೂ ಆ ಊರಿನವರೇ, ಹಾಗಾಗಿ ಆ ಗುರುತಿಗೆ ಬೆಲೆ ಇಲ್ಲ. ಊರು ಬಿಟ್ಟು ಇನ್ನೊಂದು ಊರಿಗೆ ಹೋದಾಗ ಅಲ್ಲಿಯ ಜನ "ಆ ತಿಕೋಟಿಯಾಂವ ಬಂದ ನೋಡು" ಅಂತಾರೆ. ಅಂದ್ರೆ ಈ ಹೆಸರು ನಾವು ಇಟ್ಟುಕೊಂಡದ್ದಲ್ಲ, ಹೊಸ ಊರು ನಮಗೆ ಅಂಟಿಸಿದ್ದು. "ನೀನು ಇಲ್ಲಿಯವನಲ್ಲ" ಅನ್ನೋದನ್ನು ಮರ್ಯಾದೆಯಿಂದ ಹೇಳೋ ರೀತಿ.

ಎಂ. ಎಂ. ಕಲಬುರ್ಗಿ ಅವರನ್ನೇ ನೋಡಿ. ಹುಟ್ಟಿದ್ದು ಸಿಂದಗಿ ತಾಲೂಕಿನಲ್ಲಿ, ಬಾಳಿದ್ದು ಧಾರವಾಡದಲ್ಲಿ, ಅಡ್ಡಹೆಸರು ಕಲಬುರ್ಗಿ. ಹಾರ್ಮೋನಿಯಂ ವಾದಕ ರಾಮಭಾವು ಬಿಜಾಪುರೆ 1917ರಲ್ಲಿ ಹುಟ್ಟಿದ್ದು ಕಾಗವಾಡದಲ್ಲಿ, ನೆಲೆಸಿದ್ದು ಬೆಳಗಾವಿಯಲ್ಲಿ. ಹೆಸರು ಬಿಜಾಪುರದ್ದು, ಕೊನೆಯ "ಎ"ಕಾರ ಮರಾಠಿಯದ್ದು. ಕುಮಾರ ಗಂಧರ್ವರ ಮನೆತನದ ಹೆಸರು ಕೋಮಕಲಿಮಠ. ಅವರು ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿ 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಇವತ್ತು ಮಗಳು ಕಲಾಪಿನಿ ಕೋಮಕಲಿ, ಮೊಮ್ಮಗ ಭುವನೇಶ ಕೋಮಕಲಿ ಹಾಡುತ್ತಿದ್ದಾರೆ. "ಮಠ" ದಾರಿಯಲ್ಲಿ ಎಲ್ಲೋ ಇಳಿದುಹೋಯಿತು, ಕೋಮಕಲಿ ಮಾಳ್ವದವರೆಗೂ ಹೋಯಿತು.

ಅಥಣಿ ರಸ್ತೆ ಹಿಡಿದು ವಿಜಯಪುರದಿಂದ ಪಡುವಣಕ್ಕೆ ಹೊರಟರೆ ಮೊದಲು ತೊರವಿ. ಈಗ ಅಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇದೆ. ಇದೇ ತೊರವಿಯ ನರಹರಿ ಕವಿ ತನ್ನನ್ನು ಕುಮಾರ ವಾಲ್ಮೀಕಿ ಅಂತ ಕರೆದುಕೊಂಡ. ಆದರೆ ಜನ ಬಿಡಲಿಲ್ಲ, ಅವನ ಕಾವ್ಯಕ್ಕೇ ಊರಿನ ಅಡ್ಡಹೆಸರು ಹಚ್ಚಿದರು: ತೊರವೆ ರಾಮಾಯಣ. ತೊರವಿ ಪಕ್ಕದಲ್ಲೇ ಎರಡನೇ ಇಬ್ರಾಹಿಂ ಆದಿಲಶಾಹ 1599ರಲ್ಲಿ ನವರಸಪುರ ಅಂತ ಹೊಸ ಪಟ್ಟಣ ಕಟ್ಟಲು ಸುರು ಮಾಡಿದ. ಅದು ಹಾಳುಬಿದ್ದು ಶತಮಾನಗಳಾದವು. ಮುಂದೆ ಹೋದರೆ, ವಿಜಯಪುರದಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ನಮ್ಮ ತಿಕೋಟಿ. ಬೋರ್ಡಿನ ಮೇಲೆ ತಿಕೋಟಾ, ಬಾಯಲ್ಲಿ ತಿಕೋಟಿ. ಈಗ ತಾಲೂಕು ಕೇಂದ್ರ.

ನಮ್ಮ ಮುತ್ಯಾ, ಅಂದ್ರೆ ನಮ್ಮ ಅಪ್ಪನ ಅಪ್ಪ, ಈ ಊರಿನ ಕಂಬಾರ. ಅವರೂ ಮೂವರು ಅಣ್ಣತಮ್ಮಂದಿರು. ಕುಲುಮೆ ಒಂದು, ಹೊಲ ಮೂರು ಎಕರೆ, ಅದೂ ಮಳೆ ನಂಬಿದ ಎರಿ ಹೊಲ. ನಮ್ಮ ಜಿಲ್ಲೆಗೆ ಬರ ಹೊಸದಲ್ಲ. 1876-78ರ ಬರದಲ್ಲಿ ಹಳ್ಳಿಗೆ ಹಳ್ಳಿಯೇ ಖಾಲಿಯಾಗಿತ್ತು. ಆಗ ಇದು ಕಲಾದಗಿ ಜಿಲ್ಲೆ, 1885ರಲ್ಲಿ ಬಿಜಾಪುರ ಜಿಲ್ಲಾ ಕೇಂದ್ರವಾಯಿತು. ಅಲ್ಲಿಂದ ಮುಂದೆ ಬರ ಬಿದ್ದಾಗಲೆಲ್ಲ ಜನ ಒಂದೋ ಬಿಜಾಪುರಕ್ಕೆ, ಇಲ್ಲಾ ರೈಲು ಹತ್ತಿ ಸೊಲ್ಲಾಪುರದ ಬಟ್ಟೆ ಗಿರಣಿಗೆ. 1930ರ ದಶಕದಲ್ಲಿ ನಮ್ಮ ಮನೆಯಲ್ಲೂ ಹಾಗೇ ಆಯಿತು. ದೊಡ್ಡ ಮುತ್ಯಾ ಕುಲುಮೆ, ಹೊಲ ನೋಡಿಕೊಂಡು ಊರಲ್ಲೇ ಉಳಿದ. ನಮ್ಮ ಮುತ್ಯಾ ಬಿಜಾಪುರಕ್ಕೆ ಬಂದು ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟುವ ಕೆಲಸ ಹಿಡಿದ. ಸಣ್ಣ ಮುತ್ಯಾ ಸೊಲ್ಲಾಪುರಕ್ಕೆ ಹೋಗಿ ಗಿರಣಿಯೊಂದರ ವರ್ಕ್‌ಶಾಪಿಗೆ ಸೇರಿದ. ಆಗ ಬಿಜಾಪುರ, ಸೊಲ್ಲಾಪುರ ಎರಡೂ ಮುಂಬೈ ಪ್ರಾಂತದಲ್ಲಿದ್ದವು. ಅವನು ರಾಜ್ಯ ಬಿಟ್ಟು ಹೋದವನಲ್ಲ. 1956ರ ನವೆಂಬರ್ 1ಕ್ಕೆ ಗಡಿಯೇ ನಡುವೆ ಬಂತು.

ಈಗ ಅಡ್ಡಹೆಸರು ನೋಡಿ. ಊರಲ್ಲಿ ಉಳಿದವರು ಕಸುಬಿನ ಹೆಸರಿನಿಂದ "ಕಂಬಾರ"ರೇ ಆಗಿ ಉಳಿದರು. ಬಿಜಾಪುರದಲ್ಲಿ ಮುತ್ಯಾನನ್ನು ಜನ "ತಿಕೋಟಿ ಕಂಬಾರ" ಅಂದರು. ಅಪ್ಪನನ್ನು ಶಾಲೆಗೆ ಹಚ್ಚಿದಾಗ ಮಾಸ್ತರರು ಬರೀ "ತಿಕೋಟಿ" ಅಂತ ಬರೆದರು. ಸೊಲ್ಲಾಪುರದಲ್ಲಿ ಮರಾಠಿ ರೂಢಿಯಂತೆ ಊರಿಗೆ "ಕರ" ಹಚ್ಚಿ "ತಿಕೋಟೆಕರ" ಮಾಡಿದರು. ಒಂದೇ ತಾಯಿಯ ಮೂವರು ಮಕ್ಕಳು, ಮೂರು ಮನೆತನ!

ಫ್ರಾನ್ಸಿನಲ್ಲೂ ಕಸುಬಿನ ಹೆಸರು ಬಹಳ. ಲಫೆವ್ರ್ ಅಂದ್ರೆ ಕಂಬಾರ, ಮ್ಯೂನಿಯೆ ಅಂದ್ರೆ ಹಿಟ್ಟಿನ ಗಿರಣಿಯವ, ಬೆರ್ಜೆ ಅಂದ್ರೆ ಕುರುಬ. ಚಂದ್ರಶೇಖರ ಕಂಬಾರರು ಅಲ್ಲಿ ಹುಟ್ಟಿದ್ದರೆ ಮೊಸಿಯೆ ಲಫೆವ್ರ್ ಆಗಿರುತ್ತಿದ್ದರು :-) ಆದರೆ ಅಲ್ಲಿಗೂ ಇಲ್ಲಿಗೂ ಒಂದು ಫರಕು ಇದೆ. ಅಲ್ಲಿ 1539ರಲ್ಲೇ ಹುಟ್ಟಿದ ಮಕ್ಕಳ ದೀಕ್ಷಾಸ್ನಾನದ ದಾಖಲೆ ಇಡಬೇಕು ಅಂತ ರಾಜಾಜ್ಞೆ ಆಯಿತು. 1794ರಲ್ಲಿ ಕ್ರಾಂತಿ ಸರಕಾರ, ಹುಟ್ಟಿನ ದಾಖಲೆಯಲ್ಲಿರುವ ಹೆಸರು ಬಿಟ್ಟು ಬೇರೆ ಹೆಸರು ಇಟ್ಟುಕೊಳ್ಳಬಾರದು ಅಂತ ಕಾನೂನು ಮಾಡಿತು. ಅಲ್ಲಿಂದ ಅಡ್ಡಹೆಸರು ಮೊಳೆ ಹೊಡೆದಂತೆ ನಿಂತಿತು. ನಮ್ಮಲ್ಲಿ ಶಾಲೆಯ ಮಾಸ್ತರ, ಗಿರಣಿಯ ಕಾರಕೂನ, ತಲಾಠಿ, ಹೀಗೆ ಮೂವರು ಮೂರು ಕಡೆ ಕೂತು ಮನಸ್ಸಿಗೆ ಬಂದದ್ದು ಬರೆದರು. ಅದೇ ಕಾಯಂ ಆಯಿತು.

ಇಷ್ಟು ದಿನ ಇದೆಲ್ಲ ಮನೆಯಲ್ಲಿ ನಗೋ ವಿಷಯವಾಗಿತ್ತು. ಹೊಲದ ಉತಾರ ತೆಗೆಸಿದಾಗ ನಗು ನಿಂತಿತು.

ಆ ಮೂರು ಎಕರೆ ಇನ್ನೂ ಮುತ್ಯಾನ ಅಪ್ಪನ ಹೆಸರಿನಲ್ಲೇ ಇತ್ತು. ಉಳುತ್ತಿದ್ದದ್ದು ಊರಲ್ಲಿರುವ ಕಾಕಾ, ದೊಡ್ಡ ಮುತ್ಯಾನ ಮಗ. ಮೊದಲು ಬಿಳಿಜೋಳ, ಕಡಲಿ. ಈಗ ಆ ಭಾಗಕ್ಕೆ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಬಂದ ಮೇಲೆ ಸುತ್ತಲ ಹೊಲಗಳೆಲ್ಲ ದ್ರಾಕ್ಷಿ ಪಡ. ಕಾಕಾನೂ ದ್ರಾಕ್ಷಿ ಹಚ್ಚಬೇಕು ಅಂದ. ಕಂಬ, ತಂತಿ, ಡ್ರಿಪ್ ಅಂತ ಲಕ್ಷಗಟ್ಟಲೆ ಖರ್ಚು. ಸಾಲ ಕೇಳಲು ಹೋದರೆ ಉತಾರದಲ್ಲಿ ಹೆಸರಿಲ್ಲ. ಎಪ್ಪತ್ತರ ಹತ್ತಿರದ ಮನುಷ್ಯ, ಹುಟ್ಟಿದಾಗಿನಿಂದ ಆ ಹೊಲದಲ್ಲಿ ಬೆವರು ಸುರಿಸಿದವ, ಕಾಗದದ ಲೆಕ್ಕದಲ್ಲಿ ಆ ಹೊಲಕ್ಕೆ ಯಾರೂ ಅಲ್ಲ.

ವಾರಸಾ ಹಚ್ಚಬೇಕು ಅಂದ್ರೆ ವಂಶಾವಳಿ ಬೇಕು. ಅರ್ಜಿ ತಗೊಂಡು ಹೋದರೆ ಕಚೇರಿಯವರು ಕೇಳಿದರು, "ಒಬ್ರು ಕಂಬಾರ, ಒಬ್ರು ತಿಕೋಟಿ, ಒಬ್ರು ತಿಕೋಟೆಕರ. ಒಂದ ಮನಿತನ ಅಂತ ಹ್ಯಾಂಗ ಬರೀಲ್ರಿ ನಾ?" ಅವರ ಮಾತಲ್ಲೂ ನ್ಯಾಯ ಇತ್ತು. ನೀರು ಬಂದ ಮೇಲೆ ಜಮೀನಿನ ರೇಟು ಏರಿದೆ. ನಾಳೆ ಯಾರೋ ಬಂದು ನಾನೂ ಮೊಮ್ಮಗ ಅಂದರೆ?

ಇನ್ನೊಂದು ತೊಡಕು ಅತ್ತಿಗಳದ್ದು. ಅಪ್ಪನಿಗೆ ಇಬ್ಬರು ತಂಗಿಯರು. ಮದುವೆಯಾಗಿ ಅಡ್ಡಹೆಸರು ಬದಲಾಗಿ ಒಬ್ಬರು ಬೀಳಗಿ ಆಗಿದ್ದಾರೆ, ಇನ್ನೊಬ್ಬರು ಪತ್ತಾರ. ಹಿಂದೂ ವಾರಸಾ ಕಾಯಿದೆಗೆ 2005ರಲ್ಲಿ ತಿದ್ದುಪಡಿ ಬಂದು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಆಯಿತಲ್ಲ, ಹಾಗಾಗಿ ಅವರ ಸಹಿ ಬೇಕೇ ಬೇಕು. ತಮಾಷೆ ಅಂದ್ರೆ ಅದೇ 2005ರ ಜನವರಿಯಿಂದ ಫ್ರಾನ್ಸಿನಲ್ಲಿ ಮಗುವಿಗೆ ತಾಯಿಯ ಅಡ್ಡಹೆಸರನ್ನೂ ಕೊಡಬಹುದು ಅಂತ ಕಾನೂನು ಜಾರಿಗೆ ಬಂತು. ಅಲ್ಲಿ ಮದುವೆಯಾದರೂ ಹೆಂಗಸಿನ ಅಧಿಕೃತ ಹೆಸರು ಹುಟ್ಟಿದ ಮನೆಯದ್ದೇ. ನಮ್ಮ ಅತ್ತಿಗಳಿಗೆ ಹೊಲದ ಹಕ್ಕು ವಾಪಸು ಬಂತು, ಹೆಸರು ಬರಲಿಲ್ಲ. ನಾನು ಮದುವೆಯಾದ ಮೇಲೂ ತಿಕೋಟಿ ಅಂತಲೇ ಉಳಿದವಳು. ಸಣ್ಣ ಅತ್ತಿ ಅಂದು ನನ್ನ ಆಧಾರ್ ಕಾರ್ಡನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. "ಚೊಲೋ ಮಾಡೀದಿ ಬಿಡವಾ" ಅಂದರು. ಮತ್ತೇನೂ ಅನ್ನಲಿಲ್ಲ.

ಸೊಲ್ಲಾಪುರದವರ ಜೊತೆ ನಮ್ಮ ಹೋಗಿಬರೋದು ಕಡಿಮೆಯಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಸಣ್ಣ ಮುತ್ಯಾನ ಮಗನಿಗೆ ಫೋನ್ ಮಾಡಿದರೆ ಕನ್ನಡದಲ್ಲಿ ಸುರು ಮಾಡಿ ಮರಾಠಿಗೆ ಜಾರುತ್ತಿದ್ದರು. ಅವರ ಮಗನಿಗೆ "ಬಾ, ಹೋಗು, ಊಟ ಆತಾ" ಇಷ್ಟೇ ಕನ್ನಡ. ಹಳೆಯ ಕಾಗದ ಏನಾದರೂ ಇದ್ದರೆ ನೋಡಪ್ಪಾ ಅಂತ ಕೇಳಿದೆ. ಕಾಗದ ಯಾವುದೂ ಇಲ್ಲ ಅಂದ. ಎರಡು ದಿನ ಬಿಟ್ಟು ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ. ತಾಮ್ರದ ತಂಬಿಗಿ. "ನಮ್ಮ ದೇವರ ಮನೆಯಲ್ಲಿದೆ. ಇದರ ಮೇಲೆ ದೇವರ ಹೆಸರಿದೆ ಅಂತ ಆಜಿ ಹೇಳ್ತಿದ್ದರು. ಓದೋಕೆ ಬರುತ್ತಾ ನೋಡು" ಅಂತ ಮರಾಠಿಯಲ್ಲಿ ಬರೆದಿದ್ದ.

ನಮ್ಮ ಕಡೆ ಮದುವೆಗೆ ಆಯೇರಿ ಕೊಡೋ ಭಾಂಡಿ ಮೇಲೆ ಕೊಟ್ಟವರ ಹೆಸರು ಹೊಡೆಸೋದು ನಿಮಗೆ ಗೊತ್ತಿರಬೇಕು. ಉಳಿ ಇಟ್ಟು ಚುಕ್ಕಿ ಚುಕ್ಕಿಯಾಗಿ ಹೊಡೆದಿರುತ್ತಾರೆ. ಫೋಟೊ ದೊಡ್ಡದು ಮಾಡಿ ನೋಡಿದೆ. ಕನ್ನಡ ಅಕ್ಷರ. ಮೊದಲು ದೊಡ್ಡ ಮುತ್ಯಾನ ಹೆಸರು, ಆಮೇಲೆ ಅವರಪ್ಪನ ಹೆಸರು, ಆಮೇಲೆ "ಕಂಬಾರ ಸಾ॥ ತಿಕೋಟಿ". ತಮ್ಮನ ಮದುವೆಗೆ ಅಣ್ಣ ಕೊಟ್ಟ ತಂಬಿಗಿ. ಆ "ಸಾ॥" ಅಂದ್ರೆ ಸಾಕೀನ, ವಾಸ ಮಾಡೋ ಊರು. ಕೋರ್ಟು ಕಾಗದದಲ್ಲೂ ಹಾಗೇ ಬರೀತಾರೆ. ಕಂಬಾರ, ತಿಕೋಟಿ ಎರಡೂ ಅದರ ಮೇಲೆ ಒಂದೇ ಸಾಲಿನಲ್ಲಿದ್ದವು. ಆ ಒಂದು ಸಾಲನ್ನು ಮೂರು ಮನೆಯವರು ಹರಿದು ಹಂಚಿಕೊಂಡು ಅಡ್ಡಹೆಸರು ಮಾಡಿಕೊಂಡಿದ್ದೆವು.

ದೇವರ ಹೆಸರಲ್ಲ ಕಣಪ್ಪಾ, ನಿಮ್ಮ ದೊಡ್ಡ ಮುತ್ಯಾನ ಹೆಸರು ಅಂತ ಬರೆದೆ. ಆ ಕಡೆಯಿಂದ ತಾಸುಗಟ್ಟಲೆ ಉತ್ತರ ಇಲ್ಲ. ರಾತ್ರಿ ಫೋನ್ ಬಂತು. "ದೀದಿ, ಆಜಿ ಅದಕ್ಕೆ ದಿನಾ ಕುಂಕುಮ ಹಚ್ಚುತ್ತಿದ್ದರು" ಅಂದ.

ತಂಬಿಗಿ ಕಚೇರಿಗೆ ದಾಖಲೆ ಆಗೋದಿಲ್ಲ. ಅದನ್ನೇ ಅಲ್ಲಿಯವರು ನಗುತ್ತಾ ಹೇಳಿದರು. ಶಾಲೆಯ ಹಳೆ ರಜಿಸ್ಟರಿನ ನಕಲು, ಮೂರು ಮನೆಯ ಅಫಿಡವಿಟ್, ಊರ ಹಿರಿಯರ ಪಂಚನಾಮೆ ಎಲ್ಲ ಬೇಕಾಯಿತು. ಪಂಚರಲ್ಲಿ ಒಬ್ಬ ಮುತ್ಯಾ ತೊಂಬತ್ತರ ಮೇಲಿನವರು. "ಮೂರೂ ಮಂದಿ ಒಂದ ತಾಟಿನ್ಯಾಗ ಉಂಡವ್ರು, ನಾ ಕಣ್ಣಿಲೆ ನೋಡೀನಿ. ಬರಕೋರಿ" ಅಂದರು. ಬರೆದುಕೊಂಡರು. ಎಂಟು ತಿಂಗಳು ಹಿಡಿಯಿತು. ಕೊನೆಗೆ ಕೈಗೆ ಬಂದ ವಂಶಾವಳಿಯ ಕಾಗದದಲ್ಲಿ ಒಂದು ಬೇರು, ಮೂರು ಟೊಂಗೆ, ಐದು ಅಡ್ಡಹೆಸರು.

ಕಾಗದ ಬಂದ ಮೇಲೆ ನಿಜವಾದ ಪರೀಕ್ಷೆ. ಈಗ ಹೊಲ ಕಾಕಾಗೆ ಒಬ್ಬನಿಗೇ ಆಗಬೇಕಾದರೆ ಉಳಿದವರೆಲ್ಲ ಹಕ್ಕು ಬಿಡಬೇಕು. ಅಪ್ಪ ಒಂದೇ ಮಾತಿನಲ್ಲಿ ಬಿಟ್ಟರು. "ನಾವು ಎಂಬತ್ತು ವರ್ಷ ಆ ಹೊಲದಾಗ ಒಂದು ಹುಲ್ಲಕಡ್ಡಿ ಕಿತ್ತಿಲ್ಲ" ಅಂದರು. ಅಣ್ಣನಿಗೆ ಸಿಟ್ಟು ಬಂತು. ಅವನ ಲೆಕ್ಕವೂ ತಪ್ಪಲ್ಲ. ರಸ್ತೆಗೆ ಹತ್ತಿರದ ನೀರಾವರಿ ಜಮೀನು, ಒಂದು ಎಕರೆ ಅಂದ್ರೆ ಬೆಂಗಳೂರಿನ ಅವನ ಮನೆ ಸಾಲದ ದೊಡ್ಡ ಭಾಗ ತೀರುತ್ತಿತ್ತು. ಎರಡು ತಿಂಗಳು ಅವನು ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ತಾನೇ ಬಂದು ಸಹಿ ಹಾಕಿದ. ಅತ್ತಿಗಳೂ ಹಾಕಿದರು, ನಾನೂ ಹಾಕಿದೆ. ಸೊಲ್ಲಾಪುರದ ಹುಡುಗನ ಕೆಲಸ ಹೋಗಿ ವರ್ಷವಾಗಿತ್ತು. ಅವನ ಕಷ್ಟ ಎಲ್ಲರಿಗೂ ಗೊತ್ತಿತ್ತು. ಕಾಕಾ ತಾನೇ ಮುಂದೆ ಬಂದು, ಅವರ ಪಾಲಿಗೆ ಇಂತಿಷ್ಟು ಅಂತ ಒಪ್ಪಿ, ಮೂರು ದ್ರಾಕ್ಷಿ ಸುಗ್ಗಿಯಲ್ಲಿ ಕೊಡ್ತೀನಿ ಅಂದ. ಮೊದಲ ಕಂತು ಕೊಟ್ಟಾಗಿದೆ.

ಹೀಗೆ ತಿಕೋಟಿಯ ಹೊಲ ಕಂಬಾರರಿಗೆ ಹೋಯಿತು. ತಿಕೋಟಿಯವರಾದ ನಮಗೆ ಈಗ ತಿಕೋಟಿಯಲ್ಲಿ ಒಂದು ಗೇಣು ನೆಲ ಇಲ್ಲ. ಹೆಸರು ಮಾತ್ರ ಇದೆ. ಫ್ರಾನ್ಸ್‌ಹುಕ್ಕಿನವರ ಹಾಗೆ.

ಇದಕ್ಕಿಂತ ಕಷ್ಟದ ಕತೆಗಳು ನಮ್ಮ ಸೀಮೆಯಲ್ಲೇ ಇವೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು, ಹಳೇ ಬಾಗಲಕೋಟೆಯ ಓಣಿಗಳು ಮುಳುಗಿದವು. ಆ ಊರುಗಳನ್ನು ಅಡ್ಡಹೆಸರು ಮಾಡಿಕೊಂಡು ಹೊರಗೆ ಹೋದವರ ಹೆಸರಿನಲ್ಲಿ ಆ ಊರು ಇನ್ನೂ ಒಣ ನೆಲದ ಮೇಲಿದೆ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಬೋರ್ಡು, ರೈಲು ಟಿಕೀಟು ಎಲ್ಲ ಬದಲಾದವು. ಆದರೆ ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಇರೋ ಬಿಜಾಪುರ, ಬಿಜಾಪುರೆ, ಬಿಜಾಪುರಕರ ಮನೆತನದವರು ಯಾರೂ ಬದಲಾಗಲಿಲ್ಲ. ಊರು ಮರೆತ ಹೆಸರನ್ನು ಊರು ಬಿಟ್ಟವರು ಹೊತ್ತಿದ್ದಾರೆ. ಶಂ. ಬಾ. ಜೋಶಿಯವರು ಮಹಾರಾಷ್ಟ್ರದ ಊರುಗಳ ಹೆಸರಿನಲ್ಲಿ ಅಡಗಿದ್ದ ಕನ್ನಡವನ್ನು ಹುಡುಕಿ ತೋರಿಸಿದರು. ಮನೆತನದ ಹೆಸರುಗಳಲ್ಲೂ ಅಂಥ ಹುಡುಕಾಟಕ್ಕೆ ಬಹಳ ಜಾಗ ಇದೆ ಅನ್ನಿಸುತ್ತೆ.

ನನ್ನ ಮಗಳ ಹೆಸರಿನ ಮುಂದೆ ಅವಳಪ್ಪನ ಊರೂ ಇದೆ, ನನ್ನ ಊರೂ ಇದೆ. ಫಾರ್ಮಿನ ಚೌಕಗಳಲ್ಲಿ ಹಿಡಿಸೋದಿಲ್ಲ ಅಂತ ಅವಳ ತಕರಾರು. ದೊಡ್ಡವಳಾದ ಮೇಲೆ ಬೇಕಾದ್ದು ಇಟ್ಟುಕೋ ಅಂದಿದ್ದೀನಿ. ವಂಶಾವಳಿಯ ನಕಲುಗಳನ್ನು ಮೂರೂ ಮನೆಗೆ ಕೊಟ್ಟಿದ್ದೇನೆ, ಸೊಲ್ಲಾಪುರದವರಿಗೆ ದೇವನಾಗರಿಯಲ್ಲಿ ಬರೆದು. ಆ ಹುಡುಗ ಕನ್ನಡ ಅಕ್ಷರ ಕಲಿಯೋಕೆ ಒಂದು ಪುಸ್ತಕ ಕೇಳಿದ. ಕಳಿಸಿದ್ದೇನೆ. ತಂಬಿಗಿ ದೇವರ ಮನೆಯಲ್ಲೇ ಇದೆಯಂತೆ, ಕುಂಕುಮ ಈಗ ಅವನ ತಾಯಿ ಹಚ್ಚುತ್ತಾರಂತೆ.

ನಿಮ್ಮ ಅಡ್ಡಹೆಸರು ಯಾವ ಊರಿನದ್ದು? ಆ ಊರಿಗೆ ಎಂದಾದರೂ ಹೋಗಿದ್ದೀರಾ? ಈ ಸಲ ಮನೆಗೆ ಹೋದಾಗ ಅಟ್ಟದ ಮೇಲಿನ ಹಂಡೆ, ಕೊಡ, ತಂಬಿಗಿಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಒಮ್ಮೆ ತಿರುವಿ ನೋಡಿ. ಕಂಠದ ಕೆಳಗೆ ಚುಕ್ಕಿ ಅಕ್ಷರ ಇದ್ದರೆ ಫೋಟೊ ತೆಗೆದಿಟ್ಟುಕೊಳ್ಳಿ. ಮೋಡಿಗೆ ಹಾಕುವ ಮುಂಚೆ ಅಂತೂ ಖಂಡಿತ.